ಎಕರೆಗೆ 18 ಸಾವಿರ ಲಾವಣಿ ಕೊಟ್ಟು ಗೋವಿನಜೋಳ ಬೆಳೆದರೆ ಉಳಿಯುವುದೆಷ್ಟು?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ರೈತ, ವಯಸ್ಸು 31. ಸ್ವಂತದ್ದು 2 ಎಕರೆ ಮಳೆಯಾಶ್ರಿತ ಹೊಲ. ಅಣ್ಣನೂ ನಾನೂ ಕೂಡಿ ಹಳೆಯ ಟ್ರ್ಯಾಕ್ಟರ್ ಒಂದನ್ನು ಕೊಂಡಿದ್ದೇವೆ, ಕಂತು ಇನ್ನೂ ಬಾಕಿ ಇದೆ. ನಮ್ಮ ಬದುವಿಗೆ ಹೊಂದಿಕೊಂಡ 6 ಎಕರೆ ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಒಬ್ಬರದು. ಎರಡು ವರ್ಷದಿಂದ ಎಕರೆಗೆ 12 ಸಾವಿರ ಲಾವಣಿ (ಹೊಲದ ಗುತ್ತಿಗೆ ಹಣ) ಕೊಟ್ಟು ನಾನೇ ಮಾಡುತ್ತಿದ್ದೇನೆ. 2024ರಲ್ಲಿ ಗೋವಿನಜೋಳ (ಮೆಕ್ಕೆಜೋಳ) ಎಕರೆಗೆ 22 ಕ್ವಿಂಟಲ್ ಬಂತು, 2,300ಕ್ಕೆ ಮಾರಿದೆ. 2025ರಲ್ಲಿ 18 ಕ್ವಿಂಟಲ್, ದರ ಬಿದ್ದು 1,900ಕ್ಕೆ ಬಿಟ್ಟೆ. ಖರ್ಚು ಎಕರೆಗೆ 23 ಸಾವಿರ, ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಈಗ ಮಾಲೀಕರು ಎಕರೆಗೆ 18 ಸಾವಿರ ಕೇಳುತ್ತಿದ್ದಾರೆ, ಅದೂ ಯುಗಾದಿಗೆ ಪೂರ್ತಿ ಕೈಗೆ ಕೊಡಬೇಕಂತೆ. ಬೆಂಬಲ ಬೆಲೆ 2,400 ಆಗಿದೆ, ಇಲ್ಲಿ ಎಕರೆ ಜಮೀನಿಗೆ 30 ಲಕ್ಷ ನಡೆಯುತ್ತಿದೆ, ಪಾವಗಡದಲ್ಲಿ ಬರಡು ನೆಲಕ್ಕೇ ಸೋಲಾರ್‌ನವರು 21 ಸಾವಿರ ಕೊಟ್ಟಿದ್ದಾರೆ ಎನ್ನುತ್ತಾರೆ. 18ಕ್ಕೆ ಇನ್ನೊಬ್ಬರು ತಯಾರಿದ್ದಾರಂತೆ. ಬಿಟ್ಟರೆ ಟ್ರ್ಯಾಕ್ಟರ್ ಸುಮ್ಮನೆ ನಿಲ್ಲುತ್ತದೆ. ಹಿಡಿಯಲೋ ಬಿಡಲೋ? 11 ತಿಂಗಳ ಬಾಂಡ್ ಬರೆಸಿಕೊಂಡರೆ ಸಾಕೇ? ಬೆಳೆ ವಿಮೆ ಯಾರಿಗೆ ಬರುತ್ತದೆ?

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಎಕರೆಗೆ 18 ಸಾವಿರ, ಪೂರ್ತಿ ಮುಂಗಡ, ಒಂದೇ ವರ್ಷದ ಮಾತು. ಈ ಮೂರೂ ಕೂಡಿದ ಕರಾರಿಗೆ ಒಪ್ಪಬೇಡಿ. 6 ಎಕರೆಯನ್ನು ಪೂರ್ತಿ ಕೈಬಿಡಿ ಎಂದೂ ನಾನು ಹೇಳುತ್ತಿಲ್ಲ. ಮಾಲೀಕರ ಮುಂದೆ ಇಡಬಹುದಾದ ಬೇರೆ ಲೆಕ್ಕಗಳಿವೆ. ಅದಕ್ಕೂ ಮೊದಲು ನಿಮ್ಮ ಪುಸ್ತಕವನ್ನೇ ಒಮ್ಮೆ ಬಿಡಿಸಿ ನೋಡೋಣ.

ಖರ್ಚು ಬರೆದಿಡುವ ರೈತರೇ ಕಡಿಮೆ. ನಾನು ಬ್ಯಾಂಕಿನ ಕೃಷಿ ಸಾಲ ವಿಭಾಗದಲ್ಲಿ ಕೂತು ಅರ್ಜಿ ನೋಡುತ್ತಿದ್ದಾಗ "ಖರ್ಚು ಎಷ್ಟಾಗುತ್ತದೆ" ಎಂದು ಕೇಳಿದರೆ ಹೆಚ್ಚಿನವರು ಬೀಜ, ಗೊಬ್ಬರದ ಬಿಲ್ಲು ತೋರಿಸಿ ಸುಮ್ಮನಾಗುತ್ತಿದ್ದರು. ನೀವು 23 ಸಾವಿರ ಎಂದು ಬರೆದಿರುವುದು ನಂಬುವಂಥ ಅಂಕಿ. 4 ಕೆಜಿಯ ಎರಡು ಪಾಕೆಟ್ ಬೀಜ 3,000. ರೆಂಟೆ, ಕುಂಟೆ, ಬಿತ್ತನೆ ಸೇರಿ ಟ್ರ್ಯಾಕ್ಟರ್ ಕೆಲಸ 5,000. ಒಂದು ಚೀಲ ಡಿಎಪಿ, ಎರಡು ಚೀಲ ಯೂರಿಯಾ, ಸ್ವಲ್ಪ ಪೊಟ್ಯಾಷ್, ಜಿಂಕ್ ಎಲ್ಲ ಕೂಡಿ 3,500. ಕಳೆನಾಶಕ ಮತ್ತು ಸುಳಿಗೆ ಬೀಳುವ ಸೈನಿಕ ಹುಳುವಿಗೆ ಎರಡು ಸಲ ಔಷಧ 2,500. ಎಡೆ ಹೊಡೆಯಲು, ಕಳೆ ತೆಗೆಯಲು ಕೂಲಿ 2,500. ತೆನೆ ಮುರಿದು ಒಕ್ಕಲು 4,500. ಚೀಲ, ಸಾಗಣೆ, ಹಮಾಲಿ 2,000. ಇದಿಷ್ಟು ಕೂಡಿದರೆ 23 ಸಾವಿರ ಆಗಿಯೇ ಆಗುತ್ತದೆ. ಹುಳುವಿನ ಔಷಧದ ಖರ್ಚು 2018ಕ್ಕೆ ಮುಂಚೆ ಈ ಪಟ್ಟಿಯಲ್ಲಿ ಇರಲೇ ಇಲ್ಲ ಎನ್ನಬಹುದು. ಆ ವರ್ಷ ಅಮೆರಿಕ ಮೂಲದ ಈ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲು ಕಾಣಿಸಿಕೊಂಡದ್ದು ಕರ್ನಾಟಕದಲ್ಲಿ. ಅಲ್ಲಿಂದ ಎಲ್ಲ ಗೋವಿನಜೋಳ ಬೆಳೆಗಾರರ ಲೆಕ್ಕಕ್ಕೂ ಒಂದು ಸಾಲು ಹೊಸದಾಗಿ ಸೇರಿತು.

ನಿಮ್ಮ ಪುಸ್ತಕದಲ್ಲಿ ಕಾಣದ ಖರ್ಚು ಎರಡಿವೆ. ನಿಮ್ಮದೂ ಮನೆಯವರದೂ ದುಡಿಮೆ ಒಂದು. ಬೀಜ ಗೊಬ್ಬರಕ್ಕೆ ಹಾಕಿದ ಹಣದ ಬಡ್ಡಿ ಇನ್ನೊಂದು. ದುಡಿಮೆಗೆ ಎಕರೆಗೆ ಕನಿಷ್ಠ 3,000, ಆರು ತಿಂಗಳ ಬಡ್ಡಿ 1,500 ಹಿಡಿದರೂ 4,500 ಆಯಿತು.

ಈಗ ಲಾವಣಿ ಬದಿಗಿಟ್ಟು, ಎಕರೆ ಏನು ಉಳಿಸುತ್ತದೆ ನೋಡಿ. 2024ರಂಥ ಒಳ್ಳೆಯ ವರ್ಷದಲ್ಲಿ 22 ಕ್ವಿಂಟಲ್ 2,300ರಂತೆ 50,600. ಖರ್ಚು ಕಳೆದರೆ 27,600. ಸಾಧಾರಣ ವರ್ಷದಲ್ಲಿ 18 ಕ್ವಿಂಟಲ್ 2,000ದಂತೆ 36,000, ಉಳಿಕೆ 13,000. ಮಳೆ ಕೈಕೊಟ್ಟ ವರ್ಷದಲ್ಲಿ 10 ಕ್ವಿಂಟಲ್ ಹಿಡಿಯಿರಿ. ಬರದ ವರ್ಷ ದರ ಸ್ವಲ್ಪ ಏರುತ್ತದೆ, 2,200 ಎಂದೇ ಇಟ್ಟುಕೊಳ್ಳೋಣ, 22,000 ಬಂತು. ಕಟಾವು, ಚೀಲ ಕಡಿಮೆಯಾದ್ದರಿಂದ ಖರ್ಚು 21,000ಕ್ಕೆ ಇಳಿಯುತ್ತದೆ. ಉಳಿದದ್ದು ಒಂದು ಸಾವಿರ.

ಐದು ವರ್ಷದಲ್ಲಿ ಎರಡು ಒಳ್ಳೆಯವು, ಎರಡು ಸಾಧಾರಣ, ಒಂದು ಕೆಟ್ಟದ್ದು ಎಂದುಕೊಂಡರೆ (ಮಳೆಯಾಶ್ರಿತ ಹೊಲಕ್ಕೆ ಇದು ಉದಾರ ಲೆಕ್ಕವೇ) ಐದು ವರ್ಷಕ್ಕೆ 82,200, ವರ್ಷಕ್ಕೆ ಸರಾಸರಿ 16,440. ಅದರಲ್ಲಿ ನಿಮ್ಮ ದುಡಿಮೆ ಮತ್ತು ಬಡ್ಡಿಯ 4,500 ತೆಗೆದರೆ ಸುಮಾರು 12 ಸಾವಿರ. ಅಂದರೆ ನೀವು ಈಗ ಕೊಡುತ್ತಿರುವ 12 ಸಾವಿರದಲ್ಲೇ ನೆಲ ಕೊಡುವಷ್ಟನ್ನೆಲ್ಲ ಮಾಲೀಕರಿಗೆ ಕೊಟ್ಟು, ನೀವು ಬರೀ ಕೂಲಿ ಪಡೆಯುತ್ತಿದ್ದೀರಿ. 2025ರಲ್ಲಿ ಅದೂ ಸಿಕ್ಕಿಲ್ಲ: 34,200 ಬಂದದ್ದರಲ್ಲಿ ಖರ್ಚು 23 ಸಾವಿರ, ಲಾವಣಿ 12 ಸಾವಿರ, ಕೈಯಿಂದ ಹೋದದ್ದು ಎಕರೆಗೆ 800. ನಿಮ್ಮ ಮನಸ್ಸಿನಲ್ಲಿ ಇನ್ನೂ 2024ರ ಸುಗ್ಗಿಯೇ ಕೂತಿದೆ. ಮಾಲೀಕರ ಮನಸ್ಸಿನಲ್ಲೂ ಅದೇ ಇದೆ.

18 ಸಾವಿರಕ್ಕೆ ಒಪ್ಪಿದರೆ ಒಳ್ಳೆಯ ವರ್ಷ 9,600 ಉಳಿಯುತ್ತದೆ. ಸಾಧಾರಣ ವರ್ಷ 5,000 ನಷ್ಟ. ಕೆಟ್ಟ ವರ್ಷ ಎಕರೆಗೆ 17,000, ಆರು ಎಕರೆಗೆ 1,02,000 ಹೋಗುತ್ತದೆ. ನಿಮ್ಮ ಸ್ವಂತ ಎರಡು ಎಕರೆಯಲ್ಲಿ ಎರಡು ಒಳ್ಳೆಯ ವರ್ಷ ದುಡಿದು ಉಳಿಸಿದ್ದೆಲ್ಲ ಹೆಚ್ಚುಕಡಿಮೆ ಅಷ್ಟೇ. ಪಕ್ಕದವರ ಹೊಲದ ಒಂದು ಬರಗಾಲ ಅದನ್ನು ನುಂಗಿಬಿಡುತ್ತದೆ.

ಇದರ ಮೇಲೆ ಮುಂಗಡದ ಮಾತು. ಯುಗಾದಿಗೆ ಕೊಟ್ಟ ಹಣ ಕೈಗೆ ವಾಪಸ್ ಬರುವುದು ಮಾಲು ಮಾರಿದ ಮೇಲೆ, ಡಿಸೆಂಬರ್ ಹೊತ್ತಿಗೆ. ಊರಲ್ಲಿ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಂದು ಕೊಟ್ಟರೆ 18 ಸಾವಿರಕ್ಕೆ ಒಂಬತ್ತು ತಿಂಗಳಿಗೆ 3,240. ಅಲ್ಲಿಗೆ ನಿಮ್ಮ ಲಾವಣಿ 18 ಸಾವಿರವಲ್ಲ, 21,240. ಸಹಕಾರ ಸಂಘದ ಶೂನ್ಯ ಬಡ್ಡಿ ಬೆಳೆ ಸಾಲ ಈಗ 5 ಲಕ್ಷದವರೆಗೆ ಇದೆಯಲ್ಲ ಎನ್ನಬಹುದು. ಆದರೆ ಅದು ನಿಮ್ಮ ಪಹಣಿಯಲ್ಲಿರುವ (ಜಮೀನಿನ ದಾಖಲೆಯಲ್ಲಿರುವ) ಎರಡು ಎಕರೆಗೆ ತಕ್ಕಷ್ಟೇ ಸಿಗುತ್ತದೆ. ಉಳಿದ ಆರು ಎಕರೆಯ ಬಂಡವಾಳ ದಲಾಲಿ ಅಂಗಡಿಯಿಂದಲೋ ಗೊಬ್ಬರದಂಗಡಿಯ ಉದ್ರಿಯಿಂದಲೋ ಬರಬೇಕು. ಉದ್ರಿ ಕೊಟ್ಟ ದಲಾಲರ ಅಂಗಡಿಗೇ ಮಾಲು ಹಾಕಬೇಕಾಗುತ್ತದೆ. ದರ ಚೆನ್ನಾಗಿ ಬರಲಿ ಎಂದು ಕಾಯುವ ಸ್ವಾತಂತ್ರ್ಯ ಅಲ್ಲಿಗೆ ಹೋಯಿತು.

ಇನ್ನು ಮಾಲೀಕರ ವಾದಗಳು. ಈ ಮೂರು ವಾದಗಳೂ ಊರಲ್ಲಿ ದಿನಾ ಕೇಳಿಬರುವಂಥವೇ, ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಬೆಂಬಲ ಬೆಲೆ ಏರಿದ್ದು ನಿಜ. ಗೋವಿನಜೋಳಕ್ಕೆ 2024-25ರಲ್ಲಿ 2,225 ಇದ್ದದ್ದು 2025-26ಕ್ಕೆ 2,400 ಆಯಿತು. 175 ರೂಪಾಯಿ ಏರಿಕೆ, 18 ಕ್ವಿಂಟಲ್‌ಗೆ 3,150. ಪೂರ್ತಿ ಬೆಂಬಲ ಬೆಲೆಗೇ ಮಾರಿದರೂ ಹೆಚ್ಚಿಗೆ ಬರುವುದು ಇಷ್ಟೇ, ಆದರೆ ಮಾಲೀಕರು ಕೇಳುತ್ತಿರುವ ಹೆಚ್ಚಳ 6,000. ಅದಕ್ಕಿಂತ ಮುಖ್ಯ ಸಂಗತಿ, ಘೋಷಿಸಿದ ಬೆಲೆ ಬೇರೆ, ಎಪಿಎಂಸಿಯಲ್ಲಿ ಕೈಗೆ ಬರುವ ಬೆಲೆ ಬೇರೆ. ಬತ್ತ, ರಾಗಿಗೆ ಪಡಿತರದ ಬೇಡಿಕೆ ಇರುವುದರಿಂದ ಸರ್ಕಾರ ಖರೀದಿಗೆ ಇಳಿಯುತ್ತದೆ. ಗೋವಿನಜೋಳ ಹೋಗುವುದು ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ, ಎಥೆನಾಲ್‌ಗೆ. ಅಲ್ಲಿ ಕೊಳ್ಳುವವರು ಖಾಸಗಿಯವರು. 2025ರ ನವೆಂಬರ್‌ನಲ್ಲಿ ನಿಮ್ಮ ಹಾವೇರಿ, ಪಕ್ಕದ ಗದಗದ ರೈತರು ಬೀದಿಗಿಳಿದದ್ದೇ ಘೋಷಿತ ಬೆಲೆಗೂ ಮಾರುಕಟ್ಟೆಗೂ ಅಷ್ಟು ಅಂತರ ಬಿದ್ದದ್ದರಿಂದ. ನೀವೇ 1,900ಕ್ಕೆ ಬಿಟ್ಟಿದ್ದೀರಿ.

ಬೆಂಬಲ ಬೆಲೆಯೊಳಗೇ ಒಂದು ಸೂಕ್ಷ್ಮ ಇದೆ, ಲಾವಣಿ ಮಾಡುವವರು ತಿಳಿದಿರಬೇಕು. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಹಲವು ಬಗೆಯ ವೆಚ್ಚ ಲೆಕ್ಕ ಹಾಕುತ್ತದೆ. 'ಎ2' ಎಂಬುದರಲ್ಲಿ ಕೈಯಿಂದ ಕೊಟ್ಟ ಖರ್ಚೆಲ್ಲ ಬರುತ್ತದೆ. ಅದಕ್ಕೆ ಕುಟುಂಬದ ದುಡಿಮೆ ಸೇರಿಸಿದರೆ 'ಎ2 ಪ್ಲಸ್ ಎಫ್‌ಎಲ್'. ಸ್ವಂತ ಭೂಮಿಯ ಬಾಡಿಗೆ ಮೌಲ್ಯ, ಸ್ವಂತ ಬಂಡವಾಳದ ಬಡ್ಡಿ ಎಲ್ಲ ಕೂಡಿದರೆ 'ಸಿ2'. 2018-19ರ ಬಜೆಟ್‌ನಲ್ಲಿ ಸರ್ಕಾರ ಒಂದೂವರೆ ಪಟ್ಟು ಕೊಡುತ್ತೇವೆ ಎಂದದ್ದು ಎ2 ಪ್ಲಸ್ ಎಫ್‌ಎಲ್ ಮೇಲೆ. ಲಾವಣಿ ಕೊಟ್ಟವರ ಲಾವಣಿ ಎ2ನಲ್ಲಿ ಸೇರುತ್ತದೆ, ನಿಜ. ಆದರೆ ಅದು ಎಲ್ಲ ರೈತರ ಸರಾಸರಿ. ಸ್ವಂತ ಹೊಲದವರ ಲಾವಣಿ ಸೊನ್ನೆ. ಅವರ ಜೊತೆ ಕಲೆಸಿದಾಗ ನಿಮ್ಮ 12 ಸಾವಿರ ಕರಗಿ ಅಲ್ಪವಾಗಿಬಿಡುತ್ತದೆ. ಹೀಗಾಗಿ ಬೆಂಬಲ ಬೆಲೆ ಪೂರ್ತಿ ಸಿಕ್ಕರೂ ಅದು ಲಾವಣಿದಾರನ ಖರ್ಚನ್ನು ನೋಡಿ ಕಟ್ಟಿದ ಬೆಲೆಯಲ್ಲ.

ಎರಡನೆಯ ವಾದ ಜಮೀನಿನ ಬೆಲೆ. 30 ಲಕ್ಷದ ಆಸ್ತಿಗೆ 18 ಸಾವಿರ ಎಂದರೆ ನೂರಕ್ಕೆ 60 ಪೈಸೆ, ಬ್ಯಾಂಕಿನಲ್ಲಿ ಇಟ್ಟಿದ್ದರೆ ಎಷ್ಟು ಬರುತ್ತಿತ್ತು ಎಂದು ಅವರು ಕೇಳಬಹುದು. ಅವರ ಸಂಕಟ ಸುಳ್ಳಲ್ಲ. ಆದರೆ ಆ 30 ಲಕ್ಷವನ್ನು ಗೋವಿನಜೋಳ ಕಟ್ಟಿಲ್ಲ. ರಸ್ತೆ, ಲೇಔಟಿನ ಆಸೆ, ಊರ ಹೊರಗಿನ ದುಡ್ಡು, ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯಲ್ಲಿ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿಕರಲ್ಲದವರೂ ಕೊಳ್ಳಬಹುದಾದದ್ದು, ಇವೆಲ್ಲ ಕೂಡಿ ಕಟ್ಟಿದ ಬೆಲೆ ಅದು. ಆ ಲಾಭ ಮಾಲೀಕರಿಗೆ ಮಾರಿದ ದಿನ ಸಿಗುತ್ತದೆ. ಬೆಳೆ ಬೆಳೆಯುವವನಿಂದ ಅದನ್ನು ವರ್ಷ ವರ್ಷ ವಸೂಲಿ ಮಾಡಲು ಬರುವುದಿಲ್ಲ. ಲಾವಣಿ ಎಂಬುದು ಬೆಳೆಯ ಉಳಿಕೆಯಿಂದ ಹುಟ್ಟುವ ಹಣ.

ಮೂರನೆಯದು ಪಾವಗಡ. ಅಲ್ಲಿ ಸುಮಾರು 13 ಸಾವಿರ ಎಕರೆಯನ್ನು ರೈತರಿಂದ 28 ವರ್ಷಕ್ಕೆ ಗುತ್ತಿಗೆ ಪಡೆದು 2,050 ಮೆಗಾವಾಟ್ ಸೋಲಾರ್ ಪಾರ್ಕ್ ಮಾಡಿದ್ದಾರೆ. ಎಕರೆಗೆ ವರ್ಷಕ್ಕೆ 21 ಸಾವಿರ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಅಂಕಿ ಸರಿಯೇ. ಆದರೆ ಆ ಬಾಡಿಗೆ ಬಿಸಿಲಿನಿಂದ ಹುಟ್ಟುತ್ತದೆ. ಪಾವಗಡದಲ್ಲಿ ಮಳೆ ಬಾರದ ವರ್ಷ ವಿದ್ಯುತ್ ಕಡಿಮೆಯಾಗುವುದಿಲ್ಲ, ನಿಮ್ಮ ಹೊಲದಲ್ಲಿ ತೆನೆ ಕಡಿಮೆಯಾಗುತ್ತದೆ. ಶುಂಠಿ ಬೆಳೆಯುವವರು ಕೊಡುವ ದರವನ್ನೂ ಹೀಗೇ ಮುಂದಿಡುತ್ತಾರೆ. ಶುಂಠಿಯವರು ಒಂದು ವರ್ಷ ಬೆಳೆದು ಮುಂದಿನ ನೆಲಕ್ಕೆ ಹೋಗುತ್ತಾರೆ, ಬಿಟ್ಟುಹೋದ ಮಣ್ಣಿನ ರೋಗವನ್ನು ಅನುಭವಿಸುವವರು ಮಾಲೀಕರು. ನಿಮ್ಮ ಮಾಲೀಕರಿಗೆ ಸೋಲಾರ್‌ನವರೋ ಶುಂಠಿಯವರೋ ನಿಜವಾಗಿ ಬಂದು ಕೇಳಿದ್ದರೆ ಕೊಡಲಿ, ತಡೆಯುವವರು ಯಾರು? ಬಂದಿಲ್ಲವಾದರೆ ಆ ದರ ಈ ಹೊಲದ ದರವಲ್ಲ.

ಹಾಗಾದರೆ 18ಕ್ಕೆ ತಯಾರಿರುವ ಆ ಇನ್ನೊಬ್ಬರು ಯಾರು, ಅವರಿಗೆ ಲೆಕ್ಕ ಬರುವುದಿಲ್ಲವೇ? ಅಂಥವರು ಇರಬಹುದು, ಬರೀ ಬಾಯಿಮಾತೂ ಆಗಿರಬಹುದು. ಇದ್ದರೆ ಅವರ ಲೆಕ್ಕ ಬೇರೆ ಇರುತ್ತದೆ. ಕಂತು ತೀರಿದ ಟ್ರ್ಯಾಕ್ಟರ್, ಪಕ್ಕದ ಹೊಲದ ಬೋರ್‌ವೆಲ್‌ನಿಂದ ಒಂದೆರಡು ನೀರು ಹಾಯಿಸುವ ಅನುಕೂಲ, ರಾಣೆಬೆನ್ನೂರು ಕಡೆಯ ಬೀಜೋತ್ಪಾದನೆಯ ಒಪ್ಪಂದ, ದಂಟು ಮೇಯಲು ಕುರಿ ಹಿಂಡು, ಇವುಗಳಲ್ಲಿ ಒಂದಿದ್ದರೂ ಅವರ ಎಕರೆ ನಿಮ್ಮದಕ್ಕಿಂತ ಹೆಚ್ಚು ಉಳಿಸುತ್ತದೆ. ಏನೂ ಇಲ್ಲದೆ ಬರೀ ಹಟಕ್ಕೆ ಹಿಡಿದವರು ಒಂದೆರಡು ವರ್ಷದಲ್ಲಿ ಬಿಡುತ್ತಾರೆ. ಲಾವಣಿಯ ಸ್ವಭಾವವೇ ಹಾಗೆ. ಒಂದು ಒಳ್ಳೆಯ ಸುಗ್ಗಿಗೆ ಥಟ್ಟನೆ ಏರುತ್ತದೆ, ಇಳಿಯಲು ಮೂರು ನಾಲ್ಕು ವರ್ಷ ತೆಗೆದುಕೊಳ್ಳುತ್ತದೆ. ಏರಿದ್ದು ಇಳಿಯುವ ಮಧ್ಯದ ಆ ವರ್ಷಗಳಲ್ಲೇ ಲಾವಣಿದಾರರು ಸಾಲಕ್ಕೆ ಬೀಳುವುದನ್ನು ನಾನು ಹೆಚ್ಚಾಗಿ ನೋಡಿದ್ದೇನೆ.

ನಿಮ್ಮ ಟ್ರ್ಯಾಕ್ಟರ್ ವಿಚಾರ. ಸ್ವಂತ ಟ್ರ್ಯಾಕ್ಟರ್ ಇದ್ದರೆ 5,000 ಎಂದು ಬರೆದ ಕೆಲಸಕ್ಕೆ ಕೈಯಿಂದ ಹೋಗುವುದು ಡೀಸೆಲ್ ಮತ್ತು ಸವಕಳಿ, ಎರಡು ಸಾವಿರದ ಆಸುಪಾಸು. ಎಕರೆಗೆ 3,000 ಉಳಿತಾಯ ನಿಜವಾದದ್ದೇ. ಅದನ್ನು ಪೂರ್ತಿ ಸೇರಿಸಿದರೂ ನಿಮ್ಮ ಮಿತಿ 12ರಿಂದ 15 ಸಾವಿರಕ್ಕೆ ಹೋಗುತ್ತದೆ, 18ಕ್ಕೆ ಮುಟ್ಟುವುದಿಲ್ಲ. ಕಂತನ್ನು ಈ ಲೆಕ್ಕದೊಳಗೆ ತರಲೇಬೇಡಿ. ಹೊಲ ಹಿಡಿದರೂ ಬಿಟ್ಟರೂ ಕಂತು ಕಟ್ಟಲೇಬೇಕು. ಪ್ರಶ್ನೆ ಇರುವುದು ಟ್ರ್ಯಾಕ್ಟರ್ ಎಲ್ಲಿ ಹೆಚ್ಚು ದುಡಿಯುತ್ತದೆ ಎಂಬುದರಲ್ಲಿ. ರೋಹಿಣಿ, ಮೃಗಶಿರಾ ಮಳೆ ಬಿದ್ದ ವಾರ ಊರವರೆಲ್ಲರಿಗೂ ಒಂದೇ ಸಲ ಟ್ರ್ಯಾಕ್ಟರ್ ಬೇಕು. ಆ ವಾರ ನೀವು ಲಾವಣಿ ಹೊಲದಲ್ಲಿ ಉಚಿತವಾಗಿ ಓಡಿಸುತ್ತೀರೋ ಬೇರೆಯವರ ಹೊಲದಲ್ಲಿ ಬಾಡಿಗೆಗೆ ಓಡಿಸುತ್ತೀರೋ? ಬಾಡಿಗೆಗೆ ಓಡಿಸಿದ ದುಡ್ಡಿಗೆ ಬರಗಾಲದ ಭಯ ಕಡಿಮೆ.

ಇನ್ನೊಂದು ಮಾತು, ಖರ್ಚಿನ ಪುಸ್ತಕಕ್ಕೆ ಬರದದ್ದು. ಎಂಟು ಎಕರೆಯ ಮಾಲು ಎಂದರೆ ಸುಮಾರು 140 ಕ್ವಿಂಟಲ್. ಒಕ್ಕಿದಾಗ ತೇವಾಂಶ ಶೇ 20 ದಾಟಿರುತ್ತದೆ, ಕೊಳ್ಳುವವರು ಕೇಳುವುದು 14. ಅಷ್ಟನ್ನು ಹರವಲು ಜಾಗ ಎಲ್ಲಿದೆ? ನವೆಂಬರ್‌ನಲ್ಲಿ ದಾವಣಗೆರೆಯಿಂದ ಹಾವೇರಿವರೆಗೆ ಸರ್ವಿಸ್ ರಸ್ತೆಯ ಅಂಚಿಗೆ ಕಲ್ಲಿಟ್ಟು ಗೋವಿನಜೋಳ ಹರವಿರುತ್ತಾರಲ್ಲ, ರಾತ್ರಿ ಒಂದು ತಟಕು ಮಳೆ ಬಂದರೆ ತಾಡಪಾಲು ಹೊದಿಸಲು ಮನೆಯವರೆಲ್ಲ ಓಡಬೇಕು. ಎರಡು ಸಲ ನೆನೆದ ಕಾಳು ಕಪ್ಪಾಗಿ ಬೂಸ್ಟು ಹಿಡಿದರೆ ಕ್ವಿಂಟಲ್‌ಗೆ ನೂರಿನ್ನೂರು ಅಲ್ಲೇ ಹೋಯಿತು. ಎರಡು ಎಕರೆಯ ಮಾಲನ್ನು ಅಂಗಳದಲ್ಲಿ ಒಣಗಿಸಬಹುದು. ಎಂಟು ಎಕರೆಯದ್ದಕ್ಕೆ ಕಣವೇ ಬೇಕು.

ಈಗ ಬಾಂಡ್ ಪೇಪರಿನ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ಮಾಲೀಕರಿಗೂ ನಿಮಗೂ ಒಂದೊಂದು ತಪ್ಪು ತಿಳಿವಳಿಕೆ ಇದೆ.

ನಿಮ್ಮದು ಮೊದಲು. 11 ತಿಂಗಳ ಬಾಂಡ್ ಬರೆದರೆ ಕಾನೂನುಬದ್ಧ ಎಂಬ ನಂಬಿಕೆ ಪೇಟೆಯ ಮನೆ ಬಾಡಿಗೆಯಿಂದ ಬಂದದ್ದು. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ, ಅದನ್ನು ತಪ್ಪಿಸಲು 11 ತಿಂಗಳು ಬರೆಯುತ್ತಾರೆ. ಕೃಷಿ ಜಮೀನಿಗೆ ಆ ದಾರಿ ಇಲ್ಲ. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿಯ ನಂತರ, 5ನೇ ಕಲಮಿನ ಪ್ರಕಾರ ಕೃಷಿ ಜಮೀನನ್ನು ಎಷ್ಟೇ ಅವಧಿಗಾಗಲಿ ಗೇಣಿಗೆ, ಅಂದರೆ ಲಾವಣಿಗೆ, ಕೊಡುವಂತಿಲ್ಲ. ಸೈನಿಕರು, ನಾವಿಕರ ಜಮೀನಿಗೆ ವಿನಾಯಿತಿ ಇದೆ. 2020ರಲ್ಲಿ ಕೊಳ್ಳುವುದರ ಮೇಲಿನ ನಿರ್ಬಂಧ ಹೋಯಿತೇ ಹೊರತು ಗೇಣಿಯ ನಿಷೇಧ ಹೋಗಲಿಲ್ಲ. ಕಾನೂನು ನಿಷೇಧಿಸಿದ ಕರಾರನ್ನು ಯಾವ ಬೆಲೆಯ ಛಾಪಾ ಕಾಗದದಲ್ಲಿ ಬರೆದರೂ ಅದು ಅನೂರ್ಜಿತ. ಅದರ ಬಲದಲ್ಲಿ ಕೋರ್ಟಿಗೆ ಹೋಗಿ ಹೊಲ ಬಿಡಿಸಿಕೊಡಿ ಎನ್ನಲು ಬರುವುದಿಲ್ಲ. ಊರೂರಲ್ಲಿ ಲಾವಣಿ, ಕೋರು (ಪಾಲಿನ ಸಾಗುವಳಿ) ನಡೆಯುತ್ತಲೇ ಇದೆ, ಎಲ್ಲವೂ ನಂಬಿಕೆಯ ಮೇಲೆ. ನಿಮ್ಮ ಮಟ್ಟಿಗೆ ಇದರ ಅರ್ಥ ಇಷ್ಟು: ಯುಗಾದಿಗೆ ನೀವು ಕೊಡುವ 1,08,000ಕ್ಕೆ ಕಾಗದದ ರಕ್ಷಣೆ ಇಲ್ಲ. ಜೂನ್‌ನಲ್ಲಿ ಅವರು ಬೇರೆಯವರಿಗೆ ಜಮೀನು ಮಾರಿದರೆ ಹಣಕ್ಕಾಗಿ ಅವರ ಹಿಂದೆ ನೀವು ಅಲೆಯಬೇಕು. ಪೂರ್ತಿ ಮುಂಗಡ ಬೇಡ ಎನ್ನಲು ಬಡ್ಡಿಗಿಂತ ಇದು ದೊಡ್ಡ ಕಾರಣ.

ಮಾಲೀಕರದ್ದು ಇದರ ಉಲ್ಟಾ ಭಯ. ಎರಡು ಮೂರು ವರ್ಷ ಒಬ್ಬನಿಗೇ ಕೊಟ್ಟರೆ "ಉಳುವವನೇ ಹೊಲದೊಡೆಯ" ಎಂದು ಹಕ್ಕು ಕೇಳಿಯಾನು ಎಂದು ವರ್ಷಕ್ಕೊಮ್ಮೆ ರೈತರನ್ನು ಬದಲಿಸುವ, ಪಹಣಿಯ 12ನೇ ಕಾಲಮಿನಲ್ಲಿ ಯಾರ ಹೆಸರು ಬಂತೋ ಎಂದು ಹುಡುಕುವ ಮಾಲೀಕರು ಬಹಳ. ದೇವರಾಜ ಅರಸು ಅವರ ಕಾಲದಲ್ಲಿ ಜಮೀನು ಹೋದ ಮನೆತನಗಳಲ್ಲಿ ಆ ನೆನಪು ಇನ್ನೂ ಹಸಿಯಾಗಿದೆ. ಆದರೆ ಅಂದು ಗೇಣಿದಾರರಿಗೆ ಹಕ್ಕು ಬಂದದ್ದು 1974ರ ಮಾರ್ಚ್ 1ಕ್ಕೆ ಮುನ್ನ ಅವರ ಗೇಣಿಯಲ್ಲಿದ್ದ ಜಮೀನಿಗೆ. ಆ ಹಕ್ಕು ಕೇಳುವ ನಮೂನೆ 7ರ ಅರ್ಜಿಗೆ ಕೊಟ್ಟ ಗಡುವು 1979ರ ಜೂನ್ 30ಕ್ಕೆ ಮುಗಿಯಿತು. ಇಂದು ಲಾವಣಿ ಹಿಡಿದವರಿಗೆ ಆ ಕಾಯ್ದೆ ಒಡೆತನ ಕೊಡುವುದಿಲ್ಲ. 12 ವರ್ಷ ಉಳುಮೆ ಮಾಡಿದರೆ ಹೊಲ ತನ್ನದಾಗುತ್ತದೆ ಎಂಬ ಮಾತೂ ಹಾಗೇ. ಮಾಲೀಕರ ಒಪ್ಪಿಗೆಯಿಂದ, ಲಾವಣಿ ಕೊಟ್ಟು ಉಳುವುದನ್ನು ಪ್ರತಿಕೂಲ ಸ್ವಾಧೀನ ಎನ್ನುವುದಿಲ್ಲ. ಇದನ್ನು ಅವರಿಗೆ ನೀವು ಹೇಳಿದರೆ ಅನುಮಾನ ಹೆಚ್ಚಾದೀತು. ತಮ್ಮ ವಕೀಲರನ್ನೇ ಕೇಳಲಿ ಎನ್ನಿ.

ಪಕ್ಕದ ಆಂಧ್ರದಲ್ಲಿ 2019ರ ಕಾಯ್ದೆಯಡಿ ಸಾಗುವಳಿದಾರರಿಗೆ 11 ತಿಂಗಳ ಹಕ್ಕಿನ ಕಾರ್ಡ್ ಕೊಡುತ್ತಾರೆ, ಒಡೆತನ ಮುಟ್ಟದೆ ಸಾಲ, ವಿಮೆ ಸಿಗುವಂತೆ. ನೀತಿ ಆಯೋಗ 2016ರಲ್ಲೇ ಮಾದರಿ ಗುತ್ತಿಗೆ ಕಾಯ್ದೆ ಕೊಟ್ಟಿತ್ತು. ನಮ್ಮಲ್ಲಿ ಅಂಥದ್ದು ಬಂದರೆ ಮಾಲೀಕರಿಗೂ ನೆಮ್ಮದಿ, ನಿಮಗೂ. ಬರುವವರೆಗೆ ಇರುವುದರಲ್ಲೇ ದಾರಿ ನೋಡಬೇಕು.

ವಿಮೆಯ ಪ್ರಶ್ನೆಗೂ ಇದೇ ಗಂಟು. ಫಸಲ್ ಬಿಮಾ ಯೋಜನೆಯ ನಿಯಮದಲ್ಲಿ ಗೇಣಿದಾರರು, ಪಾಲುದಾರರು ಅರ್ಹರು ಎಂದೇ ಇದೆ. ಮುಂಗಾರು ಬೆಳೆಗೆ ರೈತರ ಕಂತು ವಿಮಾ ಮೊತ್ತದ ಶೇ 2. ಆದರೆ ನಮ್ಮಲ್ಲಿ ನೋಂದಣಿ ನಡೆಯುವುದು ಪಹಣಿ ಮತ್ತು ಫ್ರೂಟ್ಸ್ (ಸರ್ಕಾರದ ರೈತರ ನೋಂದಣಿ ವ್ಯವಸ್ಥೆ) ಗುರುತಿನ ಸಂಖ್ಯೆಯ ಮೇಲೆ. ಗೇಣಿಗೇ ಕಾಗದವಿಲ್ಲದಾಗ ಪಾಲುದಾರ ಎಂದು ಸಾಬೀತು ಮಾಡುವುದು ಹೇಗೆ? ವಾಸ್ತವದಲ್ಲಿ ಮಾಲೀಕರ ಹೆಸರಲ್ಲಿ ವಿಮೆ ಕಟ್ಟಬೇಕು, ಬಂದರೆ ಅವರ ಖಾತೆಗೆ ಬರುತ್ತದೆ. ಬೆಂಬಲ ಬೆಲೆ ಖರೀದಿ ಕೇಂದ್ರ ತೆರೆದರೂ ಹಣ ಹೋಗುವುದು ಅದೇ ಖಾತೆಗೆ. ಬರ ಪರಿಹಾರವೂ ಹಾಗೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದರಲ್ಲ, ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ಅಂದರೆ ಎಕರೆಗೆ 3,400, ಎರಡು ಹೆಕ್ಟೇರ್ ಮಿತಿ, ಎಂಬುದು ಆಗಿನ ಕೇಂದ್ರದ ಮಾನದಂಡ. ಬೀಜ ಗೊಬ್ಬರ ಕಳೆದುಕೊಂಡವರು ಲಾವಣಿದಾರರು, ಪರಿಹಾರ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಆದ್ದರಿಂದ ಮಾತಾಡುವಾಗಲೇ ಈ ಮೂರೂ ಹಣ ಯಾರದ್ದು ಎಂದು ಬಾಯಿಬಿಟ್ಟು ತೀರ್ಮಾನಿಸಿಕೊಳ್ಳಿ. ಪಿಎಂ ಕಿಸಾನ್‌ನ ವರ್ಷದ 6 ಸಾವಿರ ಅವರದ್ದೇ, ಅದಕ್ಕೆ ಕೈ ಹಾಕಬೇಡಿ. ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ಆ ಆರು ಎಕರೆಗೆ ಗೋವಿನಜೋಳ ಎಂದೇ ದಾಖಲಾಗಿದೆಯೇ ಎಂದು ನೋಡಿಕೊಳ್ಳಿ. ಅಲ್ಲಿ ಬೇರೆ ಬೆಳೆ ಬಿದ್ದರೆ ವಿಮೆ ತಿರಸ್ಕಾರವಾಗುತ್ತದೆ. ಮತ್ತೆ, ವಿಮೆ ಸಿಗುವುದು ನಿಮ್ಮ ಹೊಲದ ಇಳುವರಿ ನೋಡಿ ಅಲ್ಲ. ಗ್ರಾಮ ಪಂಚಾಯಿತಿ ಮಟ್ಟದ ಬೆಳೆ ಕಟಾವು ಪ್ರಯೋಗದ ಸರಾಸರಿ ನೋಡಿ. ಅದನ್ನು ನೆಚ್ಚಿ ಹೆಚ್ಚಿನ ಲಾವಣಿಗೆ ಒಪ್ಪಬಾರದು.

ಇಷ್ಟಾದ ಮೇಲೆ ಮಾಲೀಕರ ಮುಂದೆ ಏನಿಡಬಹುದು?

ನಾನು ಮೊದಲು ಹೇಳುವುದು, ಕಡಿಮೆ ನಿಗದಿ ಮತ್ತು ಒಳ್ಳೆಯ ವರ್ಷದಲ್ಲಿ ಪಾಲು. ಎಕರೆಗೆ 8,000 ನಿಗದಿ. ಎಕರೆಯ ಮಾರಾಟ 36,000 ದಾಟಿದರೆ ದಾಟಿದ್ದರಲ್ಲಿ ಮೂರನೇ ಒಂದು ಭಾಗ ಅವರಿಗೆ. 2024ರಂಥ ವರ್ಷ ಅವರಿಗೆ 12,867 ಸಿಗುತ್ತದೆ, ಈಗಿನದ್ದಕ್ಕಿಂತ ಹೆಚ್ಚು. ಸಾಧಾರಣ ವರ್ಷ 8,000, ನಿಮಗೆ 5,000 ಉಳಿಯುತ್ತದೆ. ಕೆಟ್ಟ ವರ್ಷ ನಿಮ್ಮ ನಷ್ಟ 17,000ದ ಬದಲು 7,000. ತಾಲ್ಲೂಕು ಬರಪೀಡಿತ ಎಂದು ಘೋಷಣೆಯಾದರೆ ನಿಗದಿಯಲ್ಲಿ ಅರ್ಧ ಎಂದು ಸೇರಿಸಿಕೊಂಡರೆ 3,000. ಐದು ವರ್ಷದ ಸರಾಸರಿಯಲ್ಲಿ ಅವರಿಗೆ ಹತ್ತು ಸಾವಿರದಷ್ಟು ಹೋಗುತ್ತದೆ, ನಿಮ್ಮ ಕೂಲಿ, ಬಡ್ಡಿ ಕಳೆದು ನಿಮಗೆ ಎಕರೆಗೆ ಎರಡು ಸಾವಿರ. ದೊಡ್ಡ ಲಾಭವೇನಲ್ಲ, ಆದರೆ ಮನೆ ಮುಳುಗುವುದಿಲ್ಲ. ಇದರಲ್ಲಿ ತೊಡಕು ನಂಬಿಕೆಯದು: ಎಷ್ಟು ಕ್ವಿಂಟಲ್ ಬಂತು ಎಂಬುದಕ್ಕೆ ಬೆಂಗಳೂರಿನಲ್ಲಿರುವವರಿಗೆ ಸಾಕ್ಷಿ ಬೇಕು. ಎಪಿಎಂಸಿಯ ತೂಕದ ಚೀಟಿ, ದಲಾಲರ ಪಟ್ಟಿ ಅದೇ ದಿನ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ಅವರ ಆರು ಎಕರೆಯ ಮಾಲನ್ನು ನಿಮ್ಮ ಎರಡು ಎಕರೆಯದರ ಜೊತೆ ಕಲೆಸಬೇಡಿ.

ಪಾಲು ಬೇಡ, ನಿಗದಿಯೇ ಇರಲಿ ಎಂದರೆ ಲಾವಣಿಯನ್ನು ಕ್ವಿಂಟಲ್‌ನಲ್ಲಿ ಹೇಳಿ. ಎಕರೆಗೆ 5 ಕ್ವಿಂಟಲ್‌ನ ಬೆಲೆ, ಡಿಸೆಂಬರ್ ಮೊದಲ ಹದಿನೈದು ದಿನದ ರಾಣೆಬೆನ್ನೂರು ಎಪಿಎಂಸಿಯ ಮಾದರಿ ದರದಂತೆ (ಹೆಚ್ಚು ಮಾಲು ಮಾರಾಟವಾದ ದರ). ದರ 2,300 ಇದ್ದರೆ 11,500, 1,900 ಇದ್ದರೆ 9,500. ಬೆಲೆ ಬಿದ್ದರೆ ಇಬ್ಬರಿಗೂ ಬೀಳುತ್ತದೆ. ಇಳುವರಿ ಬಿದ್ದರೆ ಮಾತ್ರ ನಷ್ಟ ನಿಮ್ಮದೇ, ಅದು ಇದರ ಕೊರತೆ. ಸಮಪಾಲಿನ ಕೋರು ಹಳೆಯ ಪದ್ಧತಿ, ಬೀಜ ಗೊಬ್ಬರದಲ್ಲೂ ಅರ್ಧ ಹಾಕುವ, ಒಕ್ಕಣೆಗೆ ಬಂದು ನಿಲ್ಲುವ ಮಾಲೀಕರಿದ್ದರೆ ಒಳ್ಳೆಯದು. ದೂರದಲ್ಲಿರುವವರ ಜೊತೆ ಅದು ಜಗಳಕ್ಕೆ ದಾರಿ.

ಯಾವುದಕ್ಕೂ ಒಪ್ಪದೆ ನಗದೇ ಬೇಕು ಎಂದರೆ 12ಕ್ಕೆ ನಿಲ್ಲಿ, ಟ್ರ್ಯಾಕ್ಟರ್ ಲೆಕ್ಕ ಹಿಡಿದು ಒಂದು ಸಾವಿರ ಏರಿಸಬಹುದು. ಅರ್ಧ ಯುಗಾದಿಗೆ, ಅರ್ಧ ಮಾಲು ಮಾರಿದ ಮೇಲೆ, ಮೂರು ವರ್ಷದ ಮಾತು. ಮೂರು ವರ್ಷ ಯಾಕೆಂದರೆ ತಿಪ್ಪೆಗೊಬ್ಬರ ಹಾಕಿದರೆ ಅದರ ಫಲ ಎರಡನೇ, ಮೂರನೇ ಬೆಳೆಗೂ ಸಿಗುತ್ತದೆ. ಒಂದೇ ವರ್ಷಕ್ಕೆ ಹಿಡಿದವರು ಯೂರಿಯಾ ಎರಚಿ ಇದ್ದದ್ದನ್ನು ಹೀರಿಕೊಂಡು ಹೋಗುತ್ತಾರೆ, ಒಡೆದ ಬದುವಿಗೆ ಒಂದು ಬುಟ್ಟಿ ಮಣ್ಣು ಹಾಕುವುದಿಲ್ಲ. ವರ್ಷ ಬಿಟ್ಟು ವರ್ಷ ತೊಗರಿಯನ್ನೋ ಶೇಂಗಾವನ್ನೋ ಸೇರಿಸುತ್ತೇನೆ ಎಂದು ಹೇಳಿ, ಹೇಳಿದಂತೆ ಮಾಡಿ. ಮಾಲೀಕರ 30 ಲಕ್ಷದ ಆಸ್ತಿಯ ಮಣ್ಣು ಉಳಿಯುವುದು ಇದರಿಂದ, ಅವರಿಗೆ ಇದು ಅರ್ಥವಾಗುತ್ತದೆ.

ಬಂಡವಾಳಕ್ಕೆ ದಲಾಲರ ಬಾಗಿಲಿಗೆ ಹೋಗುವ ಮುನ್ನ ಒಮ್ಮೆ ಬ್ಯಾಂಕಿನಲ್ಲಿ ಜಂಟಿ ಹೊಣೆಗಾರಿಕೆ ಗುಂಪಿನ ಸಾಲ ಕೇಳಿ. ನಿಮ್ಮಂತೆ ಲಾವಣಿ ಮಾಡುವ ನಾಲ್ಕರಿಂದ ಹತ್ತು ಜನ ಕೂಡಿದರೆ ಜಮೀನು ಅಡವಿಡದೆ ಸಾಲ ಕೊಡಲು ನಬಾರ್ಡ್‌ನ ವ್ಯವಸ್ಥೆ ಇದೆ. ಶಾಖೆಯಲ್ಲಿ ಮೊದಲ ಸಲ ಇಲ್ಲ ಎನ್ನುತ್ತಾರೆ, ಕೃಷಿ ಅಧಿಕಾರಿಯನ್ನೇ ಕೇಳಿ. ಒಬ್ಬರು ಕಟ್ಟದಿದ್ದರೆ ಉಳಿದವರು ಕಟ್ಟಬೇಕು ಎಂಬುದು ನೆನಪಿರಲಿ, ಜನರನ್ನು ಆರಿಸುವಾಗ ನೆಂಟಸ್ತಿಕೆ ನೋಡಬೇಡಿ.

ಮಾತುಕತೆಗೆ ಫೆಬ್ರವರಿಯಲ್ಲೇ ಹೋಗಿ, ಯುಗಾದಿ ಹತ್ತಿರ ಬಂದಷ್ಟೂ ನಿಮ್ಮ ಕೈ ಸಡಿಲ. ಹೋಗುವಾಗ ನಿಮ್ಮ ಖರ್ಚಿನ ಪುಸ್ತಕ, ಎರಡೂ ವರ್ಷದ ತೂಕದ ಚೀಟಿಗಳನ್ನು ಜೊತೆಗೆ ಒಯ್ಯಿರಿ. 2025ರಲ್ಲಿ ಎಕರೆಗೆ 800 ಹೋದದ್ದನ್ನು ಮಾಲೀಕರು ಈವರೆಗೆ ನೋಡಿಯೇ ಇಲ್ಲದಿರಬಹುದು. ಒಪ್ಪಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಕೋರ್ಟಿಗೆ ಅದು ನಡೆಯದಿದ್ದರೂ ಡಿಸೆಂಬರ್‌ನಲ್ಲಿ "ನಾನು ಹಾಗೆ ಹೇಳಿರಲಿಲ್ಲ" ಎಂಬ ಮಾತು ಬರದಿರಲು ಬೇಕು. ಹಣ ಕೊಡುವುದನ್ನು ಬ್ಯಾಂಕ್ ಮೂಲಕವೇ ಕೊಡಿ. ಅವರು 18ಕ್ಕಿಂತ ಕೆಳಗಿಳಿಯದಿದ್ದರೆ ಈ ವರ್ಷ ಆ ಇನ್ನೊಬ್ಬರು ಮಾಡಲಿ. ನೀವು ಟ್ರ್ಯಾಕ್ಟರನ್ನು ಬಾಡಿಗೆಗೆ ಬಿಡಿ, ನಿಮ್ಮ ಎರಡು ಎಕರೆಗೆ ತಿಪ್ಪೆಗೊಬ್ಬರ ಹೊಡೆಯಿರಿ, ಮುಂದಿನ ಫೆಬ್ರವರಿಯಲ್ಲಿ ಇನ್ನೊಮ್ಮೆ ಫೋನ್ ಮಾಡಿ.